ಅಂಧೇರಿಯಿಂದ ಟ್ರಾಂಬೆಗೆ ಆರು ವರ್ಷದ ರೈಲು

ಚೆಂಬೂರಿನಲ್ಲಿ ಬಿಡಾರ ಹೂಡಿದ ನಮ್ಮವರಿಗೆ ಅಂಧೇರಿಯ ನೆಂಟರ ಮನೆಗೆ ಹೋಗುವುದೆಂದರೆ ಒಂದು ಸಣ್ಣ ಪರದೇಶ ಪ್ರವಾಸವೇ ಆಗಿತ್ತು. ಕುರ್ಲಾದಲ್ಲಿ ಗಾಡಿ ಬದಲಿಸಿ, ದಾದರದಲ್ಲಿಳಿದು, ಸೇತುವೆ ಹತ್ತಿ, ಪಶ್ಚಿಮ ರೈಲ್ವೆಯ ಗಾಡಿ ಹಿಡಿದು ಮತ್ತೆ ಉತ್ತರಕ್ಕೆ ಏರಬೇಕು. ಕೈಯಲ್ಲಿ ಕೂಸು, ಕಂಕುಳಲ್ಲಿ ಊರಿನಿಂದ ಬಂದ ಹಪ್ಪಳದ ಗಂಟು ಇದ್ದರಂತೂ ಕೇಳುವುದೇ ಬೇಡ. ಅದು ಬೇಡವೆಂದರೆ ಕುರ್ಲಾ-ಅಂಧೇರಿ ರಸ್ತೆಯ ಬಸ್ಸು; ಅದರ ಸುಖ ಬಲ್ಲವರೇ ಬಲ್ಲರು. ನಕಾಶೆಯಲ್ಲಿ ನೋಡಿದರೆ ಎರಡೂ ನೆರೆಹೊರೆಯ ಊರುಗಳು. ಇವುಗಳ ನಡುವೆ ಒಂದು ಕಾಲಕ್ಕೆ ರೈಲು ಓಡಿತ್ತೆಂದರೆ ನಮ್ಮಲ್ಲಿ ಹಲವರು ನಂಬಲಾರರು.

ಸಾಲ್ಸೆಟ್-ಟ್ರಾಂಬೆ ರೈಲ್ವೆ ಎಂಬುದು ಅದರ ಹೆಸರು. 1928ರಲ್ಲಿ ಆರಂಭವಾದ ಈ ದಾರಿ ಟ್ರಾಂಬೆಯಿಂದ ಕುರ್ಲಾದ ಮೂಲಕ ಅಂಧೇರಿಯವರೆಗೆ ಸುಮಾರು 13 ಕಿಲೋಮೀಟರ್ ಉದ್ದವಿತ್ತು. ಗಾಡಿ ಓಡಿಸುತ್ತಿದ್ದವರು ಜಿ.ಐ.ಪಿ. ರೈಲ್ವೆಯವರು. ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ ಎಂಬ ಇನ್ನೊಂದು ಹೆಸರೂ ಇತ್ತು. ಆದರೆ 1964ರ ಮಾರ್ಚ್ 31ರವರೆಗೆ ಶಹರದ ಬೀದಿಗಳಲ್ಲಿ ಗಂಟೆ ಬಾರಿಸುತ್ತ ಓಡಿದ ಟ್ರಾಮುಗಳಿಗೂ ಇದಕ್ಕೂ ಸಂಬಂಧವಿಲ್ಲ.

ಸಾಲ್ಸೆಟ್ ಎಂಬುದು ಪರಂಗಿ ನಾಲಗೆಯಲ್ಲಿ ತಿರುಚಿದ ನಮ್ಮದೇ ಮಾತು. ಮೂಲ ಹೆಸರು ಸಾಷ್ಟಿ. ಷಟ್‌ಷಷ್ಟಿ, ಅಂದರೆ ಅರುವತ್ತಾರು ಹಳ್ಳಿಗಳ ದ್ವೀಪ. ಆಗ ಅದು ನಿಜಕ್ಕೂ ಹಳ್ಳಿಗಾಡೇ. ಗದ್ದೆ, ತಾಳೆಮರ, ಉಪ್ಪಿನ ಗಜನಿ, ಕೋಳಿಗಳ ಬಲೆ ಒಣಗುವ ದಂಡೆ. ಮುಂಬಯಿ ಮಹಾನಗರಪಾಲಿಕೆಯ ಎಲ್ಲೆ ಅಂಧೇರಿಯವರೆಗೆ ಬಂದದ್ದೇ 1950ರಲ್ಲಿ. ಚೆಂಬೂರಿಗಂತೂ ರೈಲು ಮೊದಲು ಕಂಡದ್ದು ಮನುಷ್ಯರಿಗಾಗಿ ಅಲ್ಲ. ಶತಮಾನದ ಆದಿಯಲ್ಲಿ ಶಹರದ ಕಸವನ್ನು ವ್ಯಾಗನ್ನುಗಳಲ್ಲಿ ತುಂಬಿ ತಂದು ಇಲ್ಲಿನ ಜೌಗಿಗೆ ಸುರಿಯುತ್ತಿದ್ದರು. ಕುರ್ಲಾ-ಚೆಂಬೂರು ಒಂಟಿ ಹಳಿಯ ಮೇಲೆ ಪ್ರಯಾಣಿಕರಿಗೆ ಅವಕಾಶ ಸಿಕ್ಕಿದ್ದು 1924ರಲ್ಲಿ. ಇಂದು ಚೆಂಬೂರಿನ ಫ್ಲ್ಯಾಟಿನ ಬೆಲೆ ಹೇಳಿ ಹೆಮ್ಮೆಪಡುವವರು ಇದನ್ನು ಒಮ್ಮೆ ನೆನೆಯಬಹುದು!

ಇಂಥ ಊರುಗಳ ನಡುವೆ ರೈಲು ಹಾಕಿದರೆ ಟಿಕೇಟು ಕೊಳ್ಳುವವರು ಯಾರು? ಮುಂಬಯಿಯ ಎರಡು ದೊಡ್ಡ ರೈಲುದಾರಿಗಳೂ ಉತ್ತರ-ದಕ್ಷಿಣವಾಗಿ ಓಡುವವು. ಜನರೆಲ್ಲ ಬೆಳಿಗ್ಗೆ ಕೋಟೆಯ ಕಡೆಗೆ, ಸಂಜೆ ಮನೆಯ ಕಡೆಗೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಕೆಲಸ ಆಗ ಯಾರಿಗಿತ್ತು? ಆರೇ ವರ್ಷ ಬಾಳಿ, 1934ರಲ್ಲಿ ಈ ದಾರಿ ಮುಚ್ಚಿತು. ಕುರ್ಲಾದಿಂದ ಅಂಧೇರಿಯ ಕಡೆಗಿನ ನೆಲವನ್ನು ಮುಂದೆ ಸಾಂತಾಕ್ರೂಸ್ ವಿಮಾನ ನಿಲ್ದಾಣ ಆಕ್ರಮಿಸಿತು. ಮತ್ತೆ ಹಳಿ ಹಾಕುವ ಮಾತೇ ಉಳಿಯಲಿಲ್ಲ.

ನಮಗೆ ವ್ಯಥೆಯೆನಿಸುವುದು ಮುಂದಿನ ಕತೆಯಿಂದ. ದೇಶ ವಿಭಜನೆಯಾಗುತ್ತಲೇ ಚೆಂಬೂರಿಗೆ ನಿರಾಶ್ರಿತರು ಬಂದರು. 1954-55ರಲ್ಲಿ ಟ್ರಾಂಬೆಯ ಬದಿಗೆ ಎಣ್ಣೆ ಶುದ್ಧೀಕರಣ ಕಾರಖಾನೆಗಳೆದ್ದವು. 1956ರ ಆಗಸ್ಟ್ 4ರಂದು ಅಲ್ಲಿಯೇ ದೇಶದ ಮೊದಲ ಅಣು ರಿಯಾಕ್ಟರು ಅಪ್ಸರಾ ಚಾಲೂ ಆಯಿತು. ಗೊಬ್ಬರದ ಕಾರಖಾನೆಯೂ ಬಂತು. ಅದರ ಬೆನ್ನಿಗೆ ಗುಮಾಸ್ತರು, ಫಿಟ್ಟರುಗಳು, ಹೋಟೆಲಿನವರು, ಅವರೊಡನೆ ನಾವು. ಜನ ಬಂದಾಗ ರೈಲು ಇರಲಿಲ್ಲ, ರೈಲು ಇದ್ದಾಗ ಜನ ಇರಲಿಲ್ಲ. ಇನ್ನೊಂದು ಇಪ್ಪತ್ತು ವರ್ಷ ಯಾರಾದರೂ ನಷ್ಟವನ್ನು ನುಂಗಿಕೊಂಡು ಅದನ್ನು ಉಳಿಸಿದ್ದರೆ, ಎರಡು ತಲೆಮಾರಿನವರು ದಾದರದ ಸೇತುವೆಯ ಮೇಲೆ ಕಳೆದ ಗಂಟೆಗಳು ಉಳಿಯುತ್ತಿದ್ದವು.

ಪೂರ್ವದ ತುಂಡಿಗೆ ಮಾತ್ರ ಅದೃಷ್ಟವಿತ್ತು. ಕುರ್ಲಾದಿಂದ ಮಾನಖುರ್ದದವರೆಗೆ ಹಾರ್ಬರ್ ಲೈನಿನ ಲೋಕಲ್ ಓಡಿತು. 1992ರಲ್ಲಿ ಅದು ಖಾಡಿ ದಾಟಿ ವಾಶಿಯನ್ನು ಮುಟ್ಟಿತು. ನೆರೂಳ್, ಬೇಲಾಪುರಗಳ ಕನ್ನಡಿಗರು ದಿನವೂ ಹೋಗಿಬರುವುದು ಆ ದಾರಿಯಲ್ಲೇ. ಪಶ್ಚಿಮದ ಕಡೆಗೆ ಘಾಟ್‌ಕೋಪರ್-ಅಂಧೇರಿ ಮೆಟ್ರೋ ಬರಲು 2014ರ ಜೂನ್ 8ರವರೆಗೆ, ಎಂದರೆ ಎಂಬತ್ತು ವರ್ಷ ಕಾಯಬೇಕಾಯಿತು.

ಈಗ ಅಂಧೇರಿಯ ಡಿ.ಎನ್. ನಗರದಿಂದ ಬಾಂದ್ರಾ, ಕುರ್ಲಾ, ಚೆಂಬೂರುಗಳ ಮೇಲೆ ಮಾನಖುರ್ದದ ಮಂಡಾಲೆಯವರೆಗೆ ಇನ್ನೊಂದು ಮೆಟ್ರೋ ಮಾರ್ಗವನ್ನು ಕೈಗೆತ್ತಿಕೊಂಡಿದ್ದಾರೆ. ಹಳೆಯ ರೈಲಿನ ಊರುಗಳೇ ಬಹುಪಾಲು. ಅದು 13 ಕಿಲೋಮೀಟರಿನಲ್ಲಿ ಮುಟ್ಟಿಸುತ್ತಿತ್ತು; ಇದಕ್ಕೆ 23 ಕಿಲೋಮೀಟರ್ ಬೇಕು. ನಡುವೆ ವಿಮಾನ ನಿಲ್ದಾಣ ಅಡ್ಡ ಕೂತಿದೆಯಲ್ಲ, ಬಾಂದ್ರಾ ಬಳಸಿಯೇ ಬರಬೇಕು.