ಬಣ್ಣಕ್ಕಿಂತ ಮೊದಲು ಗೋಡೆ

ರಾಯಚೂರಿನ ಒಳಕೋಟೆಯಲ್ಲಿ 1294ರ ಶಾಸನವಿದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಗೋಡೆಗೆ ಬಣ್ಣದ ಹಂಗಿಲ್ಲ. ದೇವದುರ್ಗ, ಮಾನ್ವಿ ಕಡೆಯ ಮಣ್ಣಿನ ಮನೆಗಳ ಇತಿಹಾಸ ಬೇರೆ. ಅದನ್ನು ನಾವು ಸುಣ್ಣದ ಪದರಗಳಲ್ಲೇ ಓದಬೇಕು.

ಹಬ್ಬ, ಮದುವೆ ಬಂದರೆ ಮೊದಲು ಸಾಮಾನು ಹೊರಗೆ. ಧೂಳು, ಜೇಡರ ಬಲೆ ಝಾಡಿಸಿ, ಹೊಟ್ಟು ಬೆರೆಸಿ ಕೊಳೆಸಿದ ಮಣ್ಣನ್ನು ಬಿರುಕಿಗೆ ಮೆತ್ತಿ ಒಣಗಿಸುತ್ತಿದ್ದರು. ಸುಣ್ಣ ಹಚ್ಚುವ ಮುಂಚೆ ಗೋಡೆಗೆ ನೀರು ಚಿಮುಕಿಸುವುದಕ್ಕೂ ಕಾರಣವಿದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಒಣ ಗೋಡೆ ಅದರ ನೀರನ್ನು ಬೇಗ ಹೀರಿಬಿಟ್ಟರೆ ಪುಡಿಯಾಗಿ ಉದುರುತ್ತದೆ. ಗಟ್ಟಿಯಾದ ಮೇಲೂ ಸುಣ್ಣ ಮಣ್ಣಿನ ತೇವವನ್ನು ಹೊರಗೆ ಬಿಡುತ್ತದೆ.

ಡಿಸ್ಟೆಂಪರ್, ಪುಟ್ಟಿ, ಆಯಿಲ್ ಪೇಂಟ್ ಬಂದ ಮೇಲೆ ಈ ಪದ್ಧತಿ ತಿರುಗಿತು. ಈಗ ಗೋಡೆ ಒಣಗಿರಬೇಕು, ಹಳೆಯ ಸುಣ್ಣ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಪೇಂಟು ಹಪ್ಪಳದಂತೆ ಏಳುತ್ತದೆ. ಸಿಮೆಂಟ್ ಗೋಡೆಗೆ ಇದು ಸರಿ. ಮಣ್ಣಿನ ಗೋಡೆಗೆ ಆಯಿಲ್ ಪೇಂಟ್ ಹಚ್ಚಿದರೆ ತೇವ ಒಳಗೇ ಉಳಿದು ಮಣ್ಣೇ ಸಡಿಲವಾಗುತ್ತದೆ.

ಕೆರೆಯುವಾಗ ಬಿಳಿ, ನೀಲಿ, ಕೆಮ್ಮಣ್ಣಿನ ಪದರಗಳು ಒಂದೊಂದಾಗಿ ಕಾಣುತ್ತವೆ. ಶಾಸನ ಬರೆಸದವರ ಹಬ್ಬ, ಮದುವೆಗಳ ದಾಖಲೆ ಅದು. ಹಾಗಾಗಿ ಮೊದಲು ಗೋಡೆ ಯಾವುದರದ್ದೆಂದು ನೋಡೋಣ. ಮಣ್ಣಿನದಾದರೆ ಸುಣ್ಣವನ್ನೇ ಹಚ್ಚೋಣ. ಕೆರೆಯಲೇಬೇಕಾದರೆ ಮೂಲೆಯಲ್ಲಿ ಅಂಗೈಯಗಲ ಹಳೆಯ ಪದರ ಉಳಿಸೋಣ.