ಚಾಂಪಿಯನ್ ತಂಡ ಕೆಳಗಿಳಿದ ಕಾಲ

1968ರಲ್ಲಿ ನ್ಯೂರೆಂಬರ್ಗ್ ತಂಡ ಪಶ್ಚಿಮ ಜರ್ಮನಿಯ ಬುಂಡೆಸ್‌ಲಿಗಾ ಗೆದ್ದಿತು. 1969ರಲ್ಲಿ ಅದೇ ನ್ಯೂರೆಂಬರ್ಗ್ ಕೆಳಗಿನ ಡಿವಿಷನ್‌ಗೆ ಬಿತ್ತು. ಹಾಲಿ ಚಾಂಪಿಯನ್ನರು ಲೀಗಿನಿಂದಲೇ ಹೊರಗೆ! ಕೋಚ್ ಮ್ಯಾಕ್ಸ್ ಮರ್ಕೆಲ್ ಗೆದ್ದ ತಂಡದ ಹಲವರನ್ನು ಕಳಿಸಿ ಹೊಸಬರನ್ನು ತುಂಬಿಕೊಂಡದ್ದು ಕೈಕೊಟ್ಟಿತು ಅನ್ನುತ್ತಾರೆ. ಇರಬಹುದು. ಆದರೆ ಒಬ್ಬ ಕೋಚ್‌ನ ಎಡವಟ್ಟಿಗೆ ಚಾಂಪಿಯನ್ ತಂಡ ಇಷ್ಟು ದೊಡ್ಡ ದಂಡ ತೆರಬೇಕಾಯಿತು ಅಂದರೆ, ಆ ಲೀಗಿನಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಅಂತರ ಎಷ್ಟು ಕಡಿಮೆ ಇದ್ದಿರಬೇಕು ನೋಡಿ. 1963ರಲ್ಲಿ ಶುರುವಾದ ಬುಂಡೆಸ್‌ಲಿಗಾಕ್ಕೆ ಮೊದಲ ಏಳು ಸೀಸನ್‌ಗಳಲ್ಲಿ ಏಳು ಬೇರೆ ಬೇರೆ ಚಾಂಪಿಯನ್ನರು: ಕಲೋನ್, ವೆರ್ಡರ್ ಬ್ರೆಮೆನ್, 1860 ಮ್ಯೂನಿಕ್, ಬ್ರೌನ್‌ಶ್ವೈಗ್, ನ್ಯೂರೆಂಬರ್ಗ್, ಬಯರ್ನ್ ಮ್ಯೂನಿಕ್, ಮೊಂಚೆನ್‌ಗ್ಲಾಡ್‌ಬಾಖ್. ಅದೇ ಲೀಗನ್ನು 2013ರಿಂದ 2023ರವರೆಗೆ ಸತತ ಹನ್ನೊಂದು ಸಲ ಬಯರ್ನ್ ಒಂದೇ ಗೆದ್ದಿತು.

ನಡುರಾತ್ರಿ ಹನ್ನೆರಡೂವರೆಗೆ ಅಲಾರಂ ಇಟ್ಟು ಎದ್ದು ಮ್ಯಾಚ್ ನೋಡಿ, ಬೆಳಿಗ್ಗೆ ಕೆಂಪು ಕಣ್ಣಲ್ಲಿ ಲೋಕಲ್ ಹತ್ತುವ ನಮ್ಮಂಥವರ ನಡುವೆ ಒಂದು ಮಾತು ಆಗಾಗ ಬರುತ್ತದೆ. ಮೊದಲೆಲ್ಲ ಯಾರು ಬೇಕಾದರೂ ಗೆಲ್ಲಬಹುದಿತ್ತು, ಈಗ ದುಡ್ಡಿದ್ದವರದೇ ಆಟ ಅಂತ. ನ್ಯೂರೆಂಬರ್ಗ್‌ನ ಕಥೆ ಕೇಳಿದರೆ ಆ ಮಾತು ಸರಿ ಅನಿಸುತ್ತದೆ. ಜರ್ಮನಿಯ ಗಡಿ ದಾಟಿದರೆ ಅಷ್ಟು ಸುಲಭವಲ್ಲ.

ಸ್ಪೇನ್ ನೋಡಿ. 1961ರಿಂದ 1980ರವರೆಗಿನ ಇಪ್ಪತ್ತು ಲೀಗ್‌ಗಳಲ್ಲಿ ಹದಿನಾಲ್ಕನ್ನು ರಿಯಲ್ ಮ್ಯಾಡ್ರಿಡ್ ಗೆದ್ದಿತ್ತು. ಸ್ಕಾಟ್ಲೆಂಡ್‌ನಲ್ಲಿ 1966ರಿಂದ 1974ರವರೆಗೆ ಸತತ ಒಂಬತ್ತು ಸಲ ಸೆಲ್ಟಿಕ್. 1955ರಲ್ಲಿ ಆರಂಭವಾದ ಯುರೋಪಿಯನ್ ಕಪ್‌ನ ಮೊದಲ ಐದೂ ಪ್ರಶಸ್ತಿ ರಿಯಲ್ ಮ್ಯಾಡ್ರಿಡ್‌ಗೇ. ಹಳಬರು ಕೊಂಡಾಡುವ ಎಪ್ಪತ್ತರ ದಶಕವನ್ನೇ ತೆಗೆದುಕೊಳ್ಳಿ: 1971ರಿಂದ 1980ರವರೆಗಿನ ಹತ್ತು ಯುರೋಪಿಯನ್ ಕಪ್‌ಗಳನ್ನು ಹಂಚಿಕೊಂಡದ್ದು ಬರೀ ನಾಲ್ಕು ಕ್ಲಬ್‌ಗಳು. ಅಯಾಕ್ಸ್ ಮೂರು, ಬಯರ್ನ್ ಮೂರು, ಲಿವರ್‌ಪೂಲ್ ಎರಡು, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎರಡು. ದುಡ್ಡು ನುಗ್ಗಿತು ಅಂತ ನಾವು ಬೈಯುವ ದಶಕದಲ್ಲಿ, ಅಂದರೆ 1991ರಿಂದ 2000ದವರೆಗೆ, ಒಂಬತ್ತು ಬೇರೆ ಬೇರೆ ಕ್ಲಬ್‌ಗಳು ಗೆದ್ದವು. 1990ರಲ್ಲಿ ಮಿಲಾನ್ ಕಪ್ ಉಳಿಸಿಕೊಂಡ ಮೇಲೆ 2017ರಲ್ಲಿ ರಿಯಲ್ ಮ್ಯಾಡ್ರಿಡ್ ಉಳಿಸಿಕೊಳ್ಳುವವರೆಗೆ ಯಾವ ಚಾಂಪಿಯನ್ನರಿಗೂ ಅದು ಆಗಲಿಲ್ಲ. (ಏಕಸ್ವಾಮ್ಯ ಹೊಸದೇನಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಂಬೆ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದದ್ದು, 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನನ ಕರ್ನಾಟಕ ಅದನ್ನು ಮುರಿದದ್ದು ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇನ್ನೂ ಮಾತಿಗೆ ಬರುತ್ತದೆ.)

ಹಾಗಾದರೆ ಹಳೆಯದರ ಹಂಬಲ ಬರೀ ಭ್ರಮೆಯೇ? ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಪ್ ಎತ್ತಿದವರನ್ನು ಬಿಟ್ಟು, ಕಪ್ಪಿನ ಹತ್ತಿರಕ್ಕೆ ಬಂದವರನ್ನು ಎಣಿಸಬೇಕು. ಫೈನಲ್ ಆಡಿದವರಲ್ಲಿ 1966ರಲ್ಲಿ ಬೆಲ್‌ಗ್ರೇಡ್‌ನ ಪಾರ್ಟಿಜಾನ್ ಇತ್ತು, 1971ರಲ್ಲಿ ಅಥೆನ್ಸ್‌ನ ಪಾನಾಥಿನೈಕೋಸ್, 1976ರಲ್ಲಿ ಫ್ರಾನ್ಸ್‌ನ ಸೇಂಟ್ ಎಟಿಯೆನ್, 1978ರಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ್, 1979ರಲ್ಲಿ ಸ್ವೀಡನ್‌ನ ಮಾಲ್ಮೋ. 1967ರಲ್ಲಿ ಲಿಸ್ಬನ್‌ನಲ್ಲಿ ಇಂಟರ್ ಮಿಲಾನನ್ನು ಸೋಲಿಸಿ ಕಪ್ ಗೆದ್ದ ಸೆಲ್ಟಿಕ್‌ನ ಆಟಗಾರರೆಲ್ಲ ಗ್ಲಾಸ್ಗೋದ ಸುತ್ತ ಮೂವತ್ತು ಮೈಲಿಯೊಳಗೆ ಹುಟ್ಟಿದವರು.

ಫಾರೆಸ್ಟ್‌ನ ಕಥೆ ಇನ್ನೂ ಸೊಗಸು. 1975ರ ಜನವರಿಯಲ್ಲಿ ಬ್ರಯನ್ ಕ್ಲಫ್ ಬಂದಾಗ ಅದು ಇಂಗ್ಲೆಂಡಿನ ಎರಡನೇ ಡಿವಿಷನ್‌ನಲ್ಲಿ ತೆವಳುತ್ತಿದ್ದ ತಂಡ. 1977ರಲ್ಲಿ ಮೂರನೇ ಸ್ಥಾನ ಪಡೆದು ಹೇಗೋ ಮೇಲೆ ಬಂತು, 1978ರಲ್ಲಿ ಲೀಗ್ ಗೆದ್ದಿತು, 1979ರಲ್ಲಿ ಯುರೋಪನ್ನೇ ಗೆದ್ದಿತು, 1980ರಲ್ಲಿ ಇನ್ನೊಮ್ಮೆ. 1978ರ ಸೆಪ್ಟೆಂಬರ್‌ನಲ್ಲಿ ಮೊದಲ ಸುತ್ತಿನಲ್ಲೇ ಅದರ ಎದುರಾಳಿ ಹಾಲಿ ಚಾಂಪಿಯನ್ ಲಿವರ್‌ಪೂಲ್. ತವರಿನಲ್ಲಿ 2-0, ಆನ್‌ಫೀಲ್ಡ್‌ನಲ್ಲಿ 0-0. ಎರಡೇ ಪಂದ್ಯ, ಎರಡು ಸಲ ಯುರೋಪ್ ಗೆದ್ದವರು ಮನೆಗೆ. ಇಂದು ಇದು ಆಗುವುದಿಲ್ಲ. ತಂಡ ದುರ್ಬಲ ಅಂತಲ್ಲ, ಇಂದಿನ ಏರ್ಪಾಡೇ ಅದಕ್ಕೆ ಬಿಡುವುದಿಲ್ಲ.

ನಾಕೌಟಿನ ಅದೃಷ್ಟವನ್ನು ಪೈಪೋಟಿ ಅಂತ ಕರೆಯುವುದರಲ್ಲೂ ಒಂದು ತೊಡಕಿದೆ. 1988ರಲ್ಲಿ ಪಿಎಸ್‌ವಿ ಐಂಡ್‌ಹೋವನ್ ಕ್ವಾರ್ಟರ್ ಫೈನಲ್‌ನಿಂದ ಫೈನಲ್‌ವರೆಗಿನ ಐದೂ ಪಂದ್ಯ ಡ್ರಾ ಮಾಡಿಕೊಂಡು, ಕೊನೆಗೆ ಪೆನಾಲ್ಟಿಯಲ್ಲಿ ಬೆನ್ಫಿಕಾವನ್ನು ಸೋಲಿಸಿ ಕಪ್ ಎತ್ತಿತು. ಇನ್ನೊಂದನ್ನೂ ಮರೆಯಬಾರದು: 1985ರ ಹೇಸಲ್ ದುರಂತದ ನಂತರ ಐದು ವರ್ಷ ಇಂಗ್ಲಿಷ್ ಕ್ಲಬ್‌ಗಳಿಗೆ ಯುರೋಪಿನಲ್ಲಿ ನಿಷೇಧವಿತ್ತು. 1986ರಲ್ಲಿ ಸ್ಟೆಯಾವಾ ಬುಕಾರೆಸ್ಟ್, 1987ರಲ್ಲಿ ಪೋರ್ಟೊ, 1988ರಲ್ಲಿ ಪಿಎಸ್‌ವಿ ಗೆದ್ದ ಚಂದದ ಸಾಲಿಗೆ ಆ ಖಾಲಿ ಜಾಗವೂ ನೆರವಾಯಿತು.

ಶ್ರೀಮಂತ ಕ್ಲಬ್‌ಗಳಿಗೆ ಈ ಅದೃಷ್ಟದಾಟ ಸಹಿಸಲಾಗಲಿಲ್ಲ. 1987ರಲ್ಲಿ ಮರಡೋನಾನ ನಾಪೋಲಿ ಮತ್ತು ರಿಯಲ್ ಮ್ಯಾಡ್ರಿಡ್ ಮೊದಲ ಸುತ್ತಿನಲ್ಲೇ ಮುಖಾಮುಖಿಯಾದವು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ನಾಪೋಲಿಯ ಯುರೋಪ್ ಯಾತ್ರೆಯೂ ಮುಗಿಯಿತು. ಟಿವಿಯಿಂದ ದುಡ್ಡು ಮಾಡುವ ಕನಸು ಕಾಣುತ್ತಿದ್ದ ಮಿಲಾನ್‌ನ ಮಾಲೀಕ ಬೆರ್ಲುಸ್ಕೋನಿಯಂಥವರಿಗೆ ಇದು ಶುದ್ಧ ನಷ್ಟವಾಗಿ ಕಂಡಿತು. 1991ರಲ್ಲಿ ಗುಂಪು ಹಂತ ಬಂತು, 1992ರಲ್ಲಿ ಚಾಂಪಿಯನ್ಸ್ ಲೀಗ್ ಎಂಬ ಹೆಸರು. 1997ರಿಂದ ದೊಡ್ಡ ದೇಶಗಳ ಎರಡನೇ ಸ್ಥಾನದವರಿಗೂ ಬಾಗಿಲು ತೆರೆಯಿತು, 1999ರಿಂದ ಒಂದು ದೇಶದಿಂದ ನಾಲ್ಕು ತಂಡಗಳವರೆಗೆ. ಒಂದು ಕೆಟ್ಟ ರಾತ್ರಿಯ ಬೆಲೆ ಹಾಗೆ ಕಡಿಮೆಯಾಗುತ್ತ ಹೋಯಿತು. 2019-20ರಲ್ಲಿ ಕೊನೆಯ ಹದಿನಾರರ ಸುತ್ತಿಗೆ ಬಂದ ಎಲ್ಲ ತಂಡಗಳೂ ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್‌ನವೇ. ಹಾಗಾದದ್ದು ಅದೇ ಮೊದಲು.

ಆದರೆ ಏರ್ಪಾಡಿಗಿಂತ ಹೆಚ್ಚಿನ ಪೆಟ್ಟು ಬಂದದ್ದು ನ್ಯಾಯಾಲಯದಿಂದ. ಬೆಲ್ಜಿಯಂನ ಲಿಯೇಜ್ ಕ್ಲಬ್‌ನಲ್ಲಿದ್ದ ಜಾನ್-ಮಾರ್ಕ್ ಬೊಸ್ಮನ್ ಎಂಬ ಸಾಮಾನ್ಯ ಆಟಗಾರನ ಒಪ್ಪಂದ 1990ರಲ್ಲಿ ಮುಗಿಯಿತು. ಫ್ರಾನ್ಸ್‌ನ ಡಂಕರ್ಕ್‌ಗೆ ಹೋಗುತ್ತೇನೆ ಅಂದ. ವರ್ಗಾವಣೆಯ ಹಣದ ಖಾತ್ರಿಯಿಲ್ಲ ಅಂತ ಲಿಯೇಜ್ ಬಿಡಲಿಲ್ಲ; ಉಳಿದರೆ ಸಂಬಳವೂ ಕಡಿತ. ಒಪ್ಪಂದ ಮುಗಿದರೂ ಬಿಡುಗಡೆಯಿಲ್ಲ! 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಮೇಲೆ ಹಣ ಕೇಳುವಂತಿಲ್ಲ, ಯುರೋಪಿಯನ್ ಒಕ್ಕೂಟದ ಆಟಗಾರರಿಗೆ ವಿದೇಶಿ ಎಂಬ ಮಿತಿ ಹಾಕುವಂತಿಲ್ಲ. ಆ ಹೊತ್ತಿಗೆ ಬೊಸ್ಮನ್‌ಗೆ 31. ಆಟದ ವಯಸ್ಸು ಹೆಚ್ಚುಕಮ್ಮಿ ಮುಗಿದಿತ್ತು.

ಅದೇ ವರ್ಷ ಮೇ ತಿಂಗಳಲ್ಲಿ ಹದಿನೆಂಟರ ಕ್ಲೈವರ್ಟ್ ಹೊಡೆದ ಒಂದೇ ಗೋಲಿನಿಂದ ಅಯಾಕ್ಸ್ ಮಿಲಾನನ್ನು ಸೋಲಿಸಿ ಕಪ್ ಗೆದ್ದಿತ್ತು. ಸೀಡೋರ್ಫ್ ಸಾಂಪ್‌ಡೋರಿಯಾಕ್ಕೆ ಹೋದ. ಡೇವಿಡ್ಸ್, ರೈಜಿಗರ್, ಕ್ಲೈವರ್ಟ್ ಮೂವರೂ ಸೋತ ಮಿಲಾನ್‌ಗೇ ಹೋದರು. ಓವರ್‌ಮಾರ್ಸ್ ಆರ್ಸೆನಲ್‌ಗೆ, ಡಿ ಬೋರ್ ಅವಳಿಗಳು ಬಾರ್ಸಿಲೋನಾಕ್ಕೆ. 1999ರ ಹೊತ್ತಿಗೆ ಆ ತಂಡ ಚೆಲ್ಲಾಪಿಲ್ಲಿ. ಅಂದಿನಿಂದ 2025ರವರೆಗೆ ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿಯ ಹೊರಗಿನವರು ಕಪ್ ಗೆದ್ದದ್ದು ಎರಡೇ ಸಲ: 2004ರಲ್ಲಿ ಪೋರ್ಟೊ, 2025ರಲ್ಲಿ ಪ್ಯಾರಿಸ್ ಸೇಂಟ್ ಜರ್ಮನ್. ಕತಾರಿನ ಹಣವಿರುವ ಪ್ಯಾರಿಸನ್ನು ಬಡವರ ಲೆಕ್ಕಕ್ಕೆ ಸೇರಿಸುವುದು ಕಷ್ಟ.

ಇಲ್ಲಿ ನನಗೆ ಹಳೆಯ ಕಾಲವನ್ನು ಹೊಗಳಲು ಬಾಯಿ ಬರುವುದಿಲ್ಲ. ಆ ಸಮಬಲ ನಿಂತದ್ದು ಆಟಗಾರ ಕದಲಲಾಗದ ಸ್ಥಿತಿಯ ಮೇಲೆ. ಇಂಗ್ಲೆಂಡಿನಲ್ಲಿ 1961ರವರೆಗೆ ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಒಪ್ಪಂದ ಮುಗಿದವನನ್ನು ಕಟ್ಟಿಹಾಕುವ ಪದ್ಧತಿಯ ವಿರುದ್ಧ ಜಾರ್ಜ್ ಈಸ್ಟ್‌ಹ್ಯಾಮ್ 1963ರಲ್ಲಿ ಕೋರ್ಟಿನಲ್ಲಿ ಗೆಲ್ಲಬೇಕಾಯಿತು. ಪೂರ್ವ ಯುರೋಪಿನದು ಇನ್ನೂ ಕಠಿಣ. 1986ರಲ್ಲಿ ಸೆವಿಲ್ಲೆಯಲ್ಲಿ ಗೋಲ್‌ಕೀಪರ್ ಡುಕಡಾಮ್ ಬಾರ್ಸಿಲೋನಾದ ನಾಲ್ಕೂ ಪೆನಾಲ್ಟಿ ತಡೆದ ಆ ಸ್ಟೆಯಾವಾ ಸೇನೆಯ ತಂಡ. ಪಶ್ಚಿಮದ ಕ್ಲಬ್‌ಗಳಿಗೆ ಹೋಗುವ ದಾರಿ ಅದರ ಆಟಗಾರರಿಗೆ ಮುಚ್ಚಿತ್ತು. ಅದರ ಡಿಫೆಂಡರ್ ಬೆಲೋಡೆಡಿಚ್ 1988ರಲ್ಲಿ ಯುಗೊಸ್ಲಾವಿಯಕ್ಕೆ ದಾಟಿಕೊಂಡ. ರುಮೇನಿಯಾ ಅವನನ್ನು ದೇಶದ್ರೋಹಿ ಅಂದಿತು. 1991ರಲ್ಲಿ ಅವನು ರೆಡ್ ಸ್ಟಾರ್ ಬೆಲ್‌ಗ್ರೇಡ್ ಜೊತೆ ಮತ್ತೆ ಕಪ್ ಗೆದ್ದ. ಎರಡು ಕ್ಲಬ್‌ಗಳ ಪರ ಫೈನಲ್ ಆಡಿ ಈ ಕಪ್ ಗೆದ್ದ ಮೊದಲಿಗ ಅವನೇ.

ಹೆಚ್ಚು ಸಂಬಳ, ಒಳ್ಳೆಯ ಕೆಲಸ ಸಿಕ್ಕಿದಲ್ಲಿಗೆ ಹೊರಟು ಬಂದ ನಾವು, ಬೊಸ್ಮನ್ ಲಿಯೇಜ್‌ನಲ್ಲೇ ಕೊಳೆಯಬೇಕಿತ್ತು ಅನ್ನಲು ಯಾವ ಬಾಯಲ್ಲಿ ಸಾಧ್ಯ? ಹಾಗಂತ ಬಿಟ್ಟು ಬಂದ ಊರು ಖಾಲಿಯಾದದ್ದೂ ಸುಳ್ಳಲ್ಲ. ಬೇಕಿದ್ದದ್ದು ಆಟಗಾರನ ಸ್ವಾತಂತ್ರ್ಯದ ಜೊತೆಗೆ ಹಣದ ಹಂಚಿಕೆ. ಆದದ್ದು ಅದರ ಉಲ್ಟಾ. ಇಂಗ್ಲಿಷ್ ಲೀಗಿನಲ್ಲಿ ಟಿಕೆಟ್ ಹಣದ ಒಂದು ಪಾಲು ಎದುರಾಳಿ ತಂಡಕ್ಕೆ ಕೊಡುವ ಪದ್ಧತಿಯಿತ್ತು. ದೊಡ್ಡ ಕ್ಲಬ್‌ಗಳು 1983ರಲ್ಲಿ ಅದನ್ನು ನಿಲ್ಲಿಸಿದವು. ಚಾಂಪಿಯನ್ಸ್ ಲೀಗಿನ ಹಣ ಸಣ್ಣ ದೇಶಗಳಲ್ಲೂ ಒಬ್ಬೊಬ್ಬ ದೊರೆಯನ್ನು ಸಾಕಿತು: ನಾರ್ವೆಯಲ್ಲಿ ರೋಸೆನ್‌ಬೋರ್ಗ್ 1992ರಿಂದ 2004ರವರೆಗೆ ಸತತ ಹದಿಮೂರು ಲೀಗ್ ಗೆದ್ದಿತು.

ಹಳೆಯ ದಿನಗಳು ಒಮ್ಮೊಮ್ಮೆ ಇಣುಕುತ್ತವೆ. 2019ರಲ್ಲಿ ಅಯಾಕ್ಸ್‌ನ ಹುಡುಗರು ರಿಯಲ್ ಮ್ಯಾಡ್ರಿಡನ್ನು ಅದರ ಅಂಗಳದಲ್ಲೇ 4-1ರಿಂದ ಸೋಲಿಸಿದರು, ಟ್ಯೂರಿನ್‌ನಲ್ಲಿ ಯುವೆಂಟಸನ್ನು ಸೋಲಿಸಿದರು, ಸೆಮಿಫೈನಲ್‌ನಲ್ಲಿ ಇಂಜುರಿ ಟೈಮ್‌ನ ಕೊನೆಗಳಿಗೆಯ ಗೋಲಿನಿಂದ ಟಾಟನ್‌ಹ್ಯಾಮ್‌ಗೆ ಸೋತರು. ತಂಡದ ನಾಯಕ ಡಿ ಲಿಖ್ಟ್‌ಗೆ ಹತ್ತೊಂಬತ್ತು ವರ್ಷ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಅವನು ಯುವೆಂಟಸ್‌ನಲ್ಲಿದ್ದ, ಡಿ ಯೊಂಗ್ ಬಾರ್ಸಿಲೋನಾದಲ್ಲಿ.