ಸ್ಕ್ರೀನ್ ಮುದ್ರಣದ ಬೆಳಕುಗ್ರಾಹಿ ಲೇಪಗಳು

ಚೌಕಟ್ಟಿಗೆ ಬಿಗಿದ ರೇಷ್ಮೆ, ನೈಲಾನ್ ಅಥವಾ ಪಾಲಿಯೆಸ್ಟರ್ ಜಾಲರಿಬಟ್ಟೆಗೆ ಹಚ್ಚಿ, ಕತ್ತಲೆಯಲ್ಲಿ ಒಣಗಿಸಿ, ಚಿತ್ರವುಳ್ಳ ಪಾರದರ್ಶಕ ಹಾಳೆಯನ್ನು ಒತ್ತಿಟ್ಟು ಪ್ರಖರ ಬೆಳಕಿಗೊಡ್ಡಿದಾಗ, ಬೆಳಕು ತಗುಲಿದೆಡೆ ಗಡುಸಾಗಿ ನೀರಿಗೆ ಕರಗದಂತಾಗುವ, ಚಿತ್ರದ ಕಪ್ಪು ಮರೆಮಾಡಿದೆಡೆ ಮಾತ್ರ ನೀರಿನಲ್ಲಿ ತೊಳೆದುಹೋಗಿ ಶಾಯಿಗೆ ದಾರಿಬಿಡುವ ರಾಸಾಯನಿಕ ಮಿಶ್ರಣಗಳಿವು.

ಪೊಟ್ಯಾಸಿಯಂ ಡೈಕ್ರೋಮೇಟ್ ಸವರಿದ ಕಾಗದವು ಬೆಳಕಿಗೆ ಬಣ್ಣ ಬದಲಿಸುವುದನ್ನು ಸ್ಕಾಟ್ಲೆಂಡಿನ ಮಂಗೋ ಪಾಂಟನ್ 1839ರಲ್ಲಿ ಪ್ರಕಟಪಡಿಸಿದನು. ಆ ಲವಣ ಬೆರೆತ ಜೆಲಟಿನ್ ಬೆಳಕಿನಿಂದ ಅದ್ರಾವ್ಯವಾಗುವುದೆಂಬ, ಮುದ್ರಣಕ್ಕೆ ಇನ್ನೂ ಮುಖ್ಯವಾದ ಸಂಗತಿಯನ್ನು ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1852ರಲ್ಲಿ ಬಳಕೆಗೆ ತಂದನು. ಬೆಳಕಿನ ಶಕ್ತಿಯಿಂದ ಕ್ರೋಮಿಯಂ ತನ್ನ ಷಡ್ವೇಲೆನ್ಸಿಯ ಸ್ಥಿತಿಯಿಂದ ತ್ರಿವೇಲೆನ್ಸಿಯ ಸ್ಥಿತಿಗೆ ಅಪಕರ್ಷಣಗೊಂಡು ಜೆಲಟಿನ್ನಿನ ದೀರ್ಘಾಣುಗಳನ್ನು ಪರಸ್ಪರ ಬಂಧಿಸುವುದೇ ಇದರ ಮರ್ಮ. ಆದರೆ ಈ ಕ್ರಿಯೆ ಕತ್ತಲೆಯಲ್ಲಿಯೂ ಮೆಲ್ಲನೆ ನಡೆಯುವುದರಿಂದ ಲೇಪಿಸಿದ ಜಾಲರಿಯನ್ನು ಬಹುಕಾಲ ಇಡಲಾಗದು. ಅದಕ್ಕಿಂತಲೂ ಗುರುತರವಾದ ದೋಷವೆಂದರೆ, ಡೈಕ್ರೋಮೇಟ್ ಚರ್ಮದಲ್ಲಿ ವ್ರಣಗಳನ್ನುಂಟುಮಾಡುವುದಲ್ಲದೆ ಕ್ಯಾನ್ಸರ್‌ಕಾರಕವೂ ಆಗಿದೆ.

ಆದಕಾರಣ ಪಾಲಿವಿನೈಲ್ ಆಲ್ಕೊಹಾಲಿಗೆ ಡಯಾಜೊ ರಾಳವನ್ನು ಬೆರೆಸುವ ಲೇಪಗಳು ರೂಢಿಗೆ ಬಂದವು. ಬೆಳಕು ಬಿದ್ದಾಗ ಡಯಾಜೊ ಅಣುವು ನೈಟ್ರೊಜನ್ನನ್ನು ತ್ಯಜಿಸಿ ಆಲ್ಕೊಹಾಲಿನ ಸರಪಣಿಗಳನ್ನು ಹೆಣೆಯುತ್ತದೆ. ಸ್ಟಿರಿಲ್‌ಪಿರಿಡಿನಿಯಂ ಗುಂಪುಗಳನ್ನು ಆಲ್ಕೊಹಾಲಿಗೇ ಜೋಡಿಸಿದ ಫೋಟೊಪಾಲಿಮರ್ ಲೇಪಗಳು ಇನ್ನೂ ಶೀಘ್ರಗ್ರಾಹಿಗಳು. ಇವೆಲ್ಲವೂ ಮುಖ್ಯವಾಗಿ ನೇರಳಾತೀತ ಮತ್ತು ನೇರಳೆ ಕಿರಣಗಳಿಗೆ ಸ್ಪಂದಿಸುವುದರಿಂದ, ಲೇಪನಕಾರ್ಯವನ್ನು ಹಳದಿ ದೀಪದಲ್ಲಿ ನಿರಾತಂಕವಾಗಿ ನಡೆಸಬಹುದು. ಇಷ್ಟು ನಿರಪಾಯಕರವಾದ ಲೇಪಗಳು ದೊರೆಯುತ್ತಿರುವಾಗ, ಅಗ್ಗವೆಂಬ ಒಂದೇ ಕಾರಣಕ್ಕೆ ಡೈಕ್ರೋಮೇಟನ್ನು ಬರಿಗೈಯಲ್ಲಿ ಕಲಸಿ ಬಳಸುವುದು ಸರ್ವಥಾ ಸಲ್ಲದು.